ಗುಂಡಿ ಓಣಿಯ ಬೋಣಿ

ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಇಳಿದವರ ಕಣ್ಣಿಗೆ ಮೊದಲು ಬೀಳೋದು ಒಂದು ದೊಡ್ಡ ಫಲಕ: ‘ಇಲ್ಲಿ ಅಂಗಡಿ ತೆರೆದವರು ಯಾರೂ ಸೋಲುವುದಿಲ್ಲ.’ ಆ ಸಾಲು ಬರೆದವಳು ನಾನಲ್ಲ. ಆದರೆ ಅದನ್ನು ನಿಜ ಮಾಡೋಕೆ ಹನ್ನೆರಡು ವರ್ಷ ತಲೆ ಚಚ್ಚಿಕೊಂಡವರಲ್ಲಿ ನಾನೂ ಒಬ್ಬಳು. ಹೆಸರು ಶಿವಲೀಲಾ. ನಗರದ ವ್ಯಾಪಾರವನ್ನೆಲ್ಲ ನೋಡಿಕೊಳ್ಳೋ ಯಂತ್ರ ಒಂದಿದೆ, ಕೈಮರ ಅಂತ. ಅದಕ್ಕೆ ಸೂತ್ರ ಬರೆಯೋದು ನನ್ನ ಕೆಲಸ. ಈಗ ಹೇಳೋ ಕಥೆಯಲ್ಲಿ ತಪ್ಪು ಮಾಡಿದ್ದು ಯಂತ್ರ ಅಂತ ಯಾರಾದರೂ ಅಂದರೆ ನಂಬಬೇಡಿ. ತಪ್ಪು ನಂದು.

ಈ ಕೆಲಸಕ್ಕೆ ಸೇರಿದ್ದೇ ನಮ್ಮಕ್ಕನ ಚಪ್ಪಲಿ ನೋಡಿ. ಅಕ್ಕನ ಹೆಸರು ಸರ್ವಮಂಗಳ, ಊರಿಗೆಲ್ಲ ಮಂಗಳಕ್ಕ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅಪ್ಪ ಅಮ್ಮ ಬೇಗ ಹೋದರು, ನನ್ನನ್ನು ಸಾಕಿ ಓದಿಸಿದವಳು ಅವಳೇ. ಬ್ಲೌಸ್ ಪೀಸು, ಸೀರೆ ಫಾಲು ಮಾರೋ ಒಂದು ಮ್ಯಾಚಿಂಗ್ ಸೆಂಟರ್ ತೆರೆಯೋಕೆ ಅವಳು ಹದಿನಾಲ್ಕು ತಿಂಗಳು ಅಲೆದಳು. ಲೈಸೆನ್ಸಿಗೆ ಒಂದು ಕಚೇರಿ, ಕರೆಂಟಿಗೆ ಒಂದು, ಬೋರ್ಡು ತೂಗುಹಾಕೋಕೆ ಇನ್ನೊಂದು. ‘ಸಾಹೇಬ್ರು ಸೀಟಲ್ಲಿಲ್ಲ, ನಾಳೆ ಬಾರಮ್ಮ’ ಅನ್ನೋ ಮಾತು ಕೇಳಿ ಕೇಳಿ ಮೂರು ಜೊತೆ ಚಪ್ಪಲಿ ಸವೆಸಿದಳು. ದುಡಿದು ತಿನ್ನೋಕೆ ಬಂದವರನ್ನ ಒಂದು ಊರು ಹೀಗಾ ನಡೆಸಿಕೊಳ್ಳೋದು ಅಂತ ಆಗ ನನ್ನ ಹೊಟ್ಟೆ ಉರಿದಿತ್ತು.

ಕೈಮರ ಬಂದ ಮೇಲೆ ಆ ಅಲೆದಾಟ ನಿಂತಿತು. ಈಗ ಯಾರಾದರೂ ಖಾಲಿ ಮಳಿಗೆ ಮುಂದೆ ನಿಂತು ಫೋನಿಗೆ ‘ಇಲ್ಲಿ ಇಂಥ ವ್ಯಾಪಾರ ಮಾಡ್ತೀನಿ’ ಅಂದರೆ ಸಾಕು. ನಾಲ್ಕೇ ನಿಮಿಷದಲ್ಲಿ ಪರವಾನಗಿ, ಕರೆಂಟು, ನೀರು ಎಲ್ಲ ಬಂದುಬಿಡುತ್ತೆ. ಬದಲಿಗೆ ಅಂಗಡಿಯವರು ಕೈಮರಕ್ಕೆ ಮೂರು ಜಾಗ ಬಿಟ್ಟುಕೊಡಬೇಕು. ಹೊಸ್ತಿಲ ಕೆಳಗೊಂದು ಪಟ್ಟಿ, ಅದು ಬಂದ ಕಾಲು ಎಣಿಸುತ್ತೆ. ಕಪಾಟಿನ ಅಡಿಗೊಂದು ಪಟ್ಟಿ, ಅದು ಸರಕಿನ ತೂಕ ನೋಡುತ್ತೆ. ಗಲ್ಲಾದ ಮೇಲೆ ಅಂಗಿ ಗುಂಡಿಯಷ್ಟು ಚಿಕ್ಕ ಒಂದು ಕಿವಿ. ಅದು ಮಾತು ಕೂಡಿಡಲ್ಲ, ಕೇಳಿದ್ದೇನು, ಕೊಟ್ಟರಾ, ವಾಪಸು ಕಳಿಸಿದರಾ, ಇಷ್ಟನ್ನೇ ಲೆಕ್ಕ ಹಿಡಿಯುತ್ತೆ.

ಇವೆಲ್ಲದರ ಲೆಕ್ಕ ಸೇರಿ ಯಂತ್ರದೊಳಗೆ ನಮ್ಮೂರಿನದೇ ನಕಲು ಊರೊಂದು ಆಗಿದೆ. ದಿನಾ ಬೆಳಗ್ಗೆ ಕೈಮರ ಆ ಊರನ್ನು ಮೂರು ವರ್ಷ ಮುಂದಕ್ಕೆ ಓಡಿಸಿ ಯಾವ ಅಂಗಡಿ ಉಳಿಯುತ್ತೆ, ಯಾವುದು ಮುಚ್ಚುತ್ತೆ ಅಂತ ನೋಡುತ್ತೆ. ಉಳಿಯೋ ಅಂಗಡಿಯ ಷಟರ್ ಮೇಲೆ ಹಸಿರು ದೀಪ. ಅನುಮಾನ ಇದ್ದರೆ ಹಳದಿ. ಹಳದಿ ಬಿದ್ದ ಇಪ್ಪತ್ತೊಂದು ದಿನದಲ್ಲಿ ಸರಿಹೋಗದಿದ್ದರೆ ಷಟರ್ ಬೀಗ ತಾನಾಗೇ ಬೀಳುತ್ತೆ, ಜಾಗ ಸರದಿಯಲ್ಲಿರೋ ಮುಂದಿನವರಿಗೆ. ಸೋತು ಸಾಲಗಾರರಾಗೋ ಮೊದಲೇ ಹೊರಗೆ ಕಳಿಸೋದು ಒಂದು ಉಪಕಾರ ಅಂತಲೇ ನಾವು ನಂಬಿದ್ದೆವು. ಅದಕ್ಕೆ ‘ಬಿಡುಗಡೆ’ ಅಂತ ಹೆಸರನ್ನೂ ಇಟ್ಟಿದ್ದೆವು.

ಆ ಸೋಮವಾರ ನಿಯಂತ್ರಣ ಕೊಠಡಿಯಲ್ಲಿ ಕಾಫಿ ಲೋಟ ಹಿಡಿದು ಹಳದಿ ಪಟ್ಟಿ ನೋಡ್ತಾ ಇದ್ದೆ. ನಾಲ್ಕನೇ ಸಾಲಲ್ಲಿ ‘ರೇಣುಕಾ ಮ್ಯಾಚಿಂಗ್ ಸೆಂಟರ್, ಗುಂಡಿ ಓಣಿ’ ಅಂತಿತ್ತು. ನಮ್ಮಕ್ಕನ ಅಂಗಡಿ. ಕಾರಣ ತೆಗೆದು ನೋಡಿದೆ. ‘ಹನ್ನೊಂದನೇ ಸೂತ್ರ: ಸರಕಿದ್ದೂ ಇಲ್ಲವೆಂದದ್ದು, ಐವತ್ತೆರಡು ಸಲ. ವ್ಯಾಪಾರದ ಮನಸ್ಸಿಲ್ಲ.’

ಕೈಯಲ್ಲಿದ್ದ ಕಾಫಿ ಹಾಗೇ ಆರಿಹೋಯಿತು. ಹನ್ನೊಂದನೇ ಸೂತ್ರ ಬರೆದವಳು ನಾನು. ಹೋದ ಬೇಸಿಗೆಯಲ್ಲಿ ಅಡುಗೆ ಎಣ್ಣೆ ಬೆಲೆ ಏರುತ್ತೆ ಅಂತ ಗೊತ್ತಾಗಿ ಕೆಲವರು ಡಬ್ಬ ಡಬ್ಬ ಒಳಗಿಟ್ಟುಕೊಂಡು ಜನರಿಗೆ ‘ಇಲ್ಲ’ ಅಂದಿದ್ದರು. ಅಂಥವರನ್ನ ಹಿಡಿಯೋಕೆ ಬರೆದದ್ದು. ಅದು ನಮ್ಮಕ್ಕನ ಕುತ್ತಿಗೆಗೆ ಬರುತ್ತೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ.

ಪಕ್ಕದಲ್ಲಿ ನಮ್ಮ ಮುಖ್ಯಸ್ಥರು ತಿಪ್ಪೇಸ್ವಾಮಿ ಸಾರ್ ಇದ್ದರು. ಪರದೆ ನೋಡಿ, ನನ್ನ ಮುಖ ನೋಡಿ, ‘ನಿಮ್ಮ ಅಕ್ಕಾರದು ಅಲ್ವೇನಮ್ಮಾ?’ ಅಂದರು.

‘ಹೂಂ ಸಾರ್.’

‘ವಯಸ್ಸಾಯ್ತೇನೋ, ಬೇಜಾರು ಬಂದಿರ್ಬೇಕು. ಒಂದ್ಸಲ ಹೋಗಿ ಮಾತಾಡ್ಸಿ ಬನ್ನಿ. ಹತ್ತು ದಿನ ಒಂದೂ ಗುರುತು ಬೀಳದಂಗೆ ವ್ಯಾಪಾರ ಮಾಡಿದ್ರೆ ಮತ್ತೆ ಹಸಿರು ಬರುತ್ತಲ್ಲ.’

ಗುಂಡಿ ಓಣಿಗೆ ಹೋದಾಗ ಹನ್ನೊಂದು ಗಂಟೆ. ಹಂಪಣ್ಣ ಅನ್ನೋ ಹಿರಿಯರು ಅಂಗಿ ಗುಂಡಿ ಮಾರೋ ಅಂಗಡಿ ಮೊದಲು ಹಾಕಿದ್ದಕ್ಕೆ ಆ ಹೆಸರು. ಈಗ ಅಲ್ಲಿ ದಾರ, ಲೇಸು, ಅಸ್ತರು, ಝಿಪ್ಪು, ಬಟ್ಟೆ ಹೊಲಿಯೋಕೆ ಬೇಕಾದ್ದೆಲ್ಲ ಸಿಗುತ್ತೆ. ಅಕ್ಕನ ಗಲ್ಲಾದ ಮುಂದೆ ಒಬ್ಬ ಹೆಂಗಸು ಹೊಸ ಸೀರೆಯ ಮಡಿಕೆ ಬಿಚ್ಚಿ ಹಿಡಿದು ನಿಂತಿದ್ದಳು. ಅಕ್ಕ ಸೀರೆ ಸೆರಗು ಹಿಡಿದು ಬಾಗಿಲ ಬೆಳಕಿಗೆ ತಂದಳು. ಟ್ಯೂಬ್‌ಲೈಟಿನಲ್ಲಿ ಅವಳು ಯಾವತ್ತೂ ಬಣ್ಣ ನೋಡಿದವಳಲ್ಲ.

‘ಇದು ಈರುಳ್ಳಿ ಬಣ್ಣ ಕಣಮ್ಮ. ಗುಲಾಬಿ ಅಂತ ಕೊಟ್ಟಾರು, ತಗೋಬೇಡ.’

‘ಐತಾ ಅಕ್ಕಾ?’

‘ನನ್ನತ್ರ ಇಲ್ಲ ತಾಯಿ. ಎದುರಿಗೆ ಆಫ್ರೀನ್ ಅಂತ ಹುಡುಗಿ ಹೊಸ್ದಾಗಿ ಇಟ್ಟವ್ಳೆ ನೋಡು, ಅವಳತ್ರ ಐತೆ. ಮಂಗಳಕ್ಕ ಕಳಿಸಿದ್ಲು ಅನ್ನು.’

ಅವಳ ಬೆನ್ನ ಹಿಂದೆ, ಮೇಲಿಂದ ಎರಡನೇ ಕಪಾಟಲ್ಲಿ, ಈರುಳ್ಳಿ ಬಣ್ಣದ ಬಟ್ಟೆಯ ಇಡೀ ತಾನು ಕೂತಿತ್ತು. ನನಗೇ ಕಂಡಿತು. ಗಲ್ಲಾದ ಮೇಲಿನ ಕಿವಿ ಐವತ್ಮೂರು ಅಂತ ಬರೆದುಕೊಂಡಿರಬೇಕು.

ಆ ಹೆಂಗಸು ಎದುರಿಗೆ ದಾಟಿದ ಮೇಲೆ ನಾನು ಸಿಟ್ಟಿಗೆದ್ದೆ. ‘ಅಕ್ಕಾ, ನಿನಗೆ ತಲೆ ಕೆಟ್ಟೈತಾ? ಇಟ್ಕೊಂಡು ಇಲ್ಲ ಅಂತೀಯಲ್ಲ. ಹಳದಿ ಬಿದ್ದದ್ದು ಕಾಣ್ಲಿಲ್ವಾ?’

‘ಕಾಣ್ತು ಬಿಡೇ. ಕೂಗಾಡಬೇಡ, ಬಂದು ಕೂತ್ಕೋ.’

ಆಮೇಲೆ ಹೇಳಿದಳು. ಓಣಿಯಲ್ಲಿ ಹೊಸ ಅಂಗಡಿ ಆದರೆ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಹಳಬರೆಲ್ಲ ಬೋಣಿ ಕೊಡಬೇಕು. ಬೋಣಿ ಅಂದರೆ ದಿನದ ಮೊದಲ ವ್ಯಾಪಾರ. ಅದನ್ನ ಕೈಯಾರೆ ಕೊಡೋದಲ್ಲ, ತಮ್ಮ ಗಿರಾಕಿಯನ್ನೇ ‘ನನ್ನತ್ರ ಇಲ್ಲ’ ಅಂತ ಕಳಿಸೋದು. ಹೊಸಬರಿಗೆ ಗೊತ್ತಾಗಬಾರದು, ಗಿರಾಕಿಗೂ ಗೊತ್ತಾಗಬಾರದು. ಬಾಯಿ ಬಿಟ್ಟು ‘ಪಾಪ, ಹೊಸಬಳು, ಅಲ್ಲಿ ತಗೋ’ ಅಂದರೆ ಅದು ಭಿಕ್ಷೆ ಆಗುತ್ತೆ. ಅದಕ್ಕೇ ‘ಇಲ್ಲ’ ಅನ್ನೋದು.

‘ನಾನು ಅಂಗಡಿ ಇಟ್ಟಾಗ ಗುಂಡಿ ಹಂಪಣ್ಣಾರು ನಲವತ್ತೆಂಟು ದಿನವೂ ಫಾಲ್ ಇಲ್ಲ ಅಂತ ಹೇಳಿ ಕಳಿಸಿದ್ರು. ಅವ್ರತ್ರ ಮೂಟೆಗಟ್ಟಲೆ ಫಾಲ್ ಇತ್ತು. ಅವರು ತೀರಿಕೊಂಡ ಮೇಲೆ ಅವರ ಸೊಸೆ ಹೇಳಿದ್ಲು, ಆಗ ನನಗೆ ಗೊತ್ತಾಗಿದ್ದು.’ ಅಕ್ಕ ಸೆರಗಿಂದ ಮೂಗು ಒರೆಸಿಕೊಂಡಳು. ‘ನಿನ್ನ ಕಾಲೇಜು ಫೀಸು ಆ ಫಾಲಿನಿಂದಾನೇ ಕಟ್ಟಿದ್ದು ಕಣೇ.’

‘ಆಫ್ರೀನ್‌ಗೆ ಎಷ್ಟು ದಿನ ಆಗೈತೆ?’

‘ಇಪ್ಪತ್ತೊಂಬತ್ತು. ಇನ್ನು ಹತ್ತೊಂಬತ್ತು ಐತೆ.’

ನಾನು ಮನಸ್ಸಲ್ಲೇ ಕೂಡಿ ಕಳೆದೆ. ಅಕ್ಕನಿಗೆ ಉಳಿದಿರೋದು ಇಪ್ಪತ್ತೊಂದು ದಿನ. ಹತ್ತೊಂಬತ್ತು ದಿನ ಬೋಣಿ ಕೊಟ್ಟರೆ ಮಿಕ್ಕೋದು ಎರಡು, ಹಸಿರು ಬರೋಕೆ ಬೇಕಾದ್ದು ಹತ್ತು. ಬೋಣಿ ಇವತ್ತೇ ನಿಲ್ಲಿಸು ಅಂತ ಅಂಗಲಾಚಿದೆ. ಆದರೆ ಅದರಲ್ಲೂ ಒಂದು ತೊಡಕಿತ್ತು. ಹೊಸ ಅಂಗಡಿಗಳನ್ನ ಕೈಮರ ಐವತ್ತನೇ ದಿನ ತೂಗಿ ನೋಡುತ್ತೆ. ವ್ಯಾಪಾರ ಸಾಲದಿದ್ದರೆ ಅವರಿಗೂ ಬಿಡುಗಡೆ. ಅದು ಅಕ್ಕನಿಗೂ ಗೊತ್ತಿತ್ತು.

‘ಆ ಹುಡುಗಿ ಗಂಡನ್ನ ಬಿಟ್ಟು ಬಂದವ್ಳೆ. ತವರಿನ ಬಳೆ ಮಾರಿ ಸರಕು ತಂದವ್ಳೆ. ಇವತ್ತು ನಾನು ನಿಲ್ಲಿಸಿದ್ರೆ ಅವಳು ಐವತ್ತನೇ ದಿನ ನೋಡಲ್ಲ’ ಅಂದಳು ಅಕ್ಕ. ಆಮೇಲೆ ತಾನುಗಳನ್ನ ಮಡಚೋಕೆ ಶುರು ಮಾಡಿದಳು.

ಕಚೇರಿಗೆ ವಾಪಸು ಬಂದವಳೇ ನಾನು ಯಂತ್ರದೊಳಗಿನ ಊರನ್ನು ತೆರೆದೆ. ಒಂದೇ ಒಂದು ಬದಲಾವಣೆ ಮಾಡಿದೆ. ಯಾವ ಹಳೇ ಅಂಗಡಿಯೂ ಗಿರಾಕಿಯನ್ನ ಹೊಸ ಅಂಗಡಿಗೆ ಕಳಿಸದ ಹಾಗೆ ಮಾಡಿ ಮೂರು ವರ್ಷ ಓಡಿಸಿದೆ. ಗುಂಡಿ ಓಣಿಯ ಹನ್ನೊಂದು ಹೊಸ ಅಂಗಡಿಗಳಲ್ಲಿ ಒಂಬತ್ತು ಮುಚ್ಚಿದವು. ಪಾತ್ರೆ ಬೀದಿ, ಹೂವಿನ ಸಾಲು, ಚಪ್ಪಲಿ ಸಂದಿ, ಎಲ್ಲಿ ಓಡಿಸಿದರೂ ಅದೇ ಕಥೆ. ಅಂದರೆ ನಮ್ಮೂರಲ್ಲಿ ಯಾರೂ ಸೋಲದೆ ಇದ್ದದ್ದು ನಮ್ಮ ಜಾಣತನದಿಂದಲ್ಲ. ಹಳಬರು ಸುಳ್ಳು ಹೇಳಿ ಹೊಸಬರನ್ನ ನಿಲ್ಲಿಸ್ತಾ ಇದ್ದರು, ಕೈಮರ ಅದನ್ನ ತನ್ನ ಲೆಕ್ಕದ ಗೆಲುವು ಅಂತ ಕಲಿತುಕೊಂಡಿತ್ತು. ಆ ಹಳಬರನ್ನೇ ನಾವು ಒಬ್ಬೊಬ್ಬರಾಗಿ ಹೊರಗೆ ಹಾಕ್ತಾ ಇದ್ದೆವು.

ತಿಪ್ಪೇಸ್ವಾಮಿ ಸಾರ್ ಪರದೆ ಮುಂದೆ ಕೂತು ತಾವೇ ಇನ್ನೊಂದು ಸಲ ಓಡಿಸಿ ನೋಡಿದರು. ಕೆಟ್ಟ ಮನುಷ್ಯ ಅಲ್ಲ ಅವರು, ಅರ್ಥವಾಗದೆ ಇರೋವರೂ ಅಲ್ಲ.

‘ನೀವು ಹೇಳೋದು ಸರಿ ಐತಮ್ಮಾ. ಹನ್ನೊಂದನೇ ಸೂತ್ರ ತೆಗೀಬೇಕು. ಆದ್ರೆ ಸೂತ್ರ ತೆಗೆಯೋಕೆ ತೊಂಬತ್ತು ದಿನದ ಪರೀಕ್ಷೆ ಆಗ್ಬೇಕು. ಇದು ನಾವೇ ಮಾಡಿದ ನಿಯಮ.’

‘ಅಕ್ಕನಿಗೆ ಇಪ್ಪತ್ತೊಂದೇ ದಿನ ಇರೋದು ಸಾರ್. ಅವಳ ಕಡತ ಒಂದನ್ನ ತಡೆಹಿಡೀರಿ.’

‘ನಿಮ್ಮ ಅಕ್ಕ ಅನ್ನೋದೇ ತೊಂದರೆ. ಇವತ್ತು ಅವರದ್ದು ಮುಟ್ಟಿದ್ರೆ ನಾಳೆ ಬೀಗರದ್ದು ಮುಟ್ಟು, ದೊಡ್ಡವರದ್ದು ಮುಟ್ಟು ಅಂತಾರೆ. ಮತ್ತೆ ಅದೇ ಹಳೇ ಕಚೇರಿ ಆಗುತ್ತೆ. ಸಿಬ್ಬಂದಿಯ ಸಂಬಂಧಿಕರ ಕಡತಕ್ಕೆ ಬೀಗ ಹಾಕ್ಬೇಕು ಅಂತ ಜಗಳ ಆಡಿದವರು ನೀವೇ ಅಲ್ವಾ?’

ನಾನೇ. ಚಪ್ಪಲಿಯ ನೆನಪಲ್ಲಿ ಆಡಿದ ಜಗಳ ಅದು.

ಆಮೇಲೆ ನಾನು ಮಾಡಿದ್ದು ಇದೆಯಲ್ಲ, ಅದನ್ನ ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತೆ. ಅಕ್ಕ ಮಧ್ಯಾಹ್ನ ಊಟಕ್ಕೆ ಹೋದ ಹೊತ್ತು ನೋಡಿ ಆಫ್ರೀನ್ ಅಂಗಡಿಗೆ ಹೋದೆ. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ತಲೆ ಮೇಲಿನ ದುಪಟ್ಟಾ ಜಾರಿದ್ದೂ ಗೊತ್ತಿಲ್ಲದ ಹಾಗೆ ಲೇಸು ಸುತ್ತುತ್ತಾ ಇದ್ದಳು. ಎಲ್ಲ ಹೇಳಿಬಿಟ್ಟೆ. ‘ಅಕ್ಕ ಕಳಿಸಿದ ಗಿರಾಕಿಗಳನ್ನ ನೀನು ತಗೋಬೇಡಮ್ಮ, ಅವಳ ಅಂಗಡಿ ಹೋಗುತ್ತೆ’ ಅಂದೆ. ಓಣಿಯಲ್ಲಿ ಯಾರೂ ಹೊಸಬರಿಗೆ ಹೇಳದ ಮಾತನ್ನ ನಾನು ಹೇಳಿದೆ.

ಆಫ್ರೀನ್ ಕೈಯಿಂದ ಲೇಸಿನ ಸುರುಳಿ ಬಿತ್ತು. ‘ನಾನು ನನ್ನ ನಸೀಬು ಚೆನ್ನಾಗೈತೆ ಅಂದ್ಕೊಂಡಿದ್ದೆ ಅಕ್ಕಾ’ ಅಂದಳು. ಅಳೋಕೆ ಶುರು ಮಾಡಿದಳು. ನನಗೂ ತಡೆಯೋಕಾಗಲಿಲ್ಲ.

ಮಾರನೇ ದಿನದಿಂದ ಅವಳು ಸುಮ್ಮನಿರಲಿಲ್ಲ. ಅಕ್ಕ ಕಳಿಸಿದವರನ್ನ ‘ನನ್ನತ್ರ ಇಲ್ಲ, ಮಂಗಳಕ್ಕನ ಹತ್ರಾನೇ ಐತೆ, ಅವರಿಗೆ ಮರೆವು’ ಅಂತ ವಾಪಸು ಕಳಿಸಿದಳು. ಅಕ್ಕ ಬಿಡ್ತಾಳಾ? ‘ಇಲ್ಲ ಕಣಮ್ಮ, ಅವಳತ್ರಾನೇ ಐತೆ’ ಅಂತ ಮತ್ತೆ ಅಟ್ಟಿದಳು. ಒಬ್ಬ ಹೆಂಗಸು ಗಿಣಿ ಹಸಿರು ಸೀರೆ ಹಿಡಿದುಕೊಂಡು ಮೂರು ಸಲ ರಸ್ತೆ ದಾಟಿ, ಕೊನೆಗೆ ‘ನಿಮ್ಮಿಬ್ಬರಿಗೂ ವ್ಯಾಪಾರ ಬ್ಯಾಡ ಅಂತ ಕಾಣ್ತದೆ’ ಅಂತ ಬೈದು ಹೋದಳಂತೆ. ಓಣಿಯವರು ನಕ್ಕರು. ನಾನು ಪರದೆ ಮುಂದೆ ಕೂತು ನಗಲಿಲ್ಲ. ಎರಡು ಅಂಗಡಿಗಳ ಹೆಸರ ಮುಂದೂ ಗುರುತುಗಳು ಬೀಳ್ತಾನೇ ಇದ್ದವು.

ಒಂಬತ್ತನೇ ದಿನ ಬೆಳಗ್ಗೆ ಆಫ್ರೀನ್ ಷಟರ್ ಮೇಲೂ ಹಳದಿ ಬಿತ್ತು. ಹೊಸ ಅಂಗಡಿಗೆ ಇಪ್ಪತ್ತೊಂದು ದಿನ ಇರಲ್ಲ, ಹನ್ನೆರಡೇ. ನಾನು ಓಡಿದೆ. ಅಕ್ಕ ತನ್ನ ಹೊಸ್ತಿಲಲ್ಲಿ ನಿಂತು ಎದುರಿನ ಹಳದಿ ದೀಪ ನೋಡ್ತಾ ಇದ್ದಳು.

‘ಅವಳಿಗೆ ಹೇಳಿದ್ದು ನೀನೇನಾ?’

ತಲೆ ತಗ್ಗಿಸಿದೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಅವಳಿಗೆ ನಿಲ್ಲಿಸು ಅಂತ ಹೇಳು ಅಕ್ಕಾ. ನೀನೂ ನಿಲ್ಲಿಸು. ಇಬ್ಬರೂ ಸುಮ್ಮನೆ ವ್ಯಾಪಾರ ಮಾಡಿ. ನಿನಗೂ ಇನ್ನು ಹನ್ನೆರಡು ದಿನ ಐತೆ.’

‘ಹೇಳಿದೆ ಕಣೇ. ನಿಮ್ಮ ಮೇಲೆ ಹಸಿರು ಬರೋವರೆಗೂ ನಾನು ಕಳಿಸ್ತಾನೇ ಇರ್ತೀನಿ ಅಂತಾಳೆ. ನನಗಿಂತ ಹಟಮಾರಿ.’ ಅಕ್ಕ ಸಣ್ಣಗೆ ನಕ್ಕಳು. ‘ಸರಿ, ಇಬ್ಬರೂ ನಿಲ್ಲಿಸಿದ್ವಿ ಅಂತಾನೇ ಇಟ್ಕೋ. ಗಿರಾಕಿಗಳು ಹಳೇ ಅಂಗಡಿ ಅಂತ ನನ್ನತ್ರಾನೇ ಬರ್ತಾರೆ. ನಾನು ಉಳೀತೀನಿ, ಅವಳು ಐವತ್ತನೇ ದಿನ ಹೋಗ್ತಾಳೆ. ಅದಾಗಲ್ಲ.’

‘ಮತ್ತೆ?’

‘ನಾನೇ ಇಲ್ದಿದ್ರೆ ಅವಳು ಯಾರತ್ರ ಕಳಿಸ್ತಾಳೆ ಹೇಳು?’

ಅವತ್ತು ಮಧ್ಯಾಹ್ನ ಹನ್ನೆರಡೂವರೆಗೆ, ಸುಡೋ ಬಿಸಿಲಲ್ಲಿ, ಅಕ್ಕ ಇಪ್ಪತ್ತಾರು ವರ್ಷದ ಅಂಗಡಿಯನ್ನ ತಾನಾಗೇ ಬಿಟ್ಟುಕೊಟ್ಟಳು. ಫೋನಿಗೆ ‘ನನಗೆ ಸಾಕು’ ಅಂದಳು, ಅಷ್ಟೆ. ತೆರೆಯೋಕೆ ಹದಿನಾಲ್ಕು ತಿಂಗಳು ಹಿಡಿದ ಅಂಗಡಿ ಮುಚ್ಚೋಕೆ ನಾಲ್ಕು ನಿಮಿಷ ಹಿಡಿಯಿತು. ತಾನುಗಳನ್ನ ಒಂದೊಂದಾಗಿ ಎದುರಿಗೆ ಹೊತ್ತು ಹಾಕಿದಳು. ‘ಮಾರಿದ ಮೇಲೆ ದುಡ್ಡು ನಿಧಾನಕ್ಕೆ ಕೊಡು, ಮನೇಲಿಟ್ರೆ ಇಲಿ ತಿಂತಾವೆ’ ಅಂದಳು. ಆಫ್ರೀನ್ ಅವಳ ಕೈ ಹಿಡಿದುಕೊಂಡು ‘ಬೇಡ ಅಕ್ಕಾ, ಬೇಡ’ ಅಂತ ಅಳ್ತಾ ಇದ್ದಳು. ನಾನು ಕೊನೆಯ ತಾನು ಎತ್ತಿಕೊಂಡೆ. ಈರುಳ್ಳಿ ಬಣ್ಣದ್ದು.

ಸಂಜೆ ಅಕ್ಕನನ್ನ ನಮ್ಮನೆಗೆ ಕರೆದುಕೊಂಡು ಬಂದೆ. ರೊಟ್ಟಿ ಎರಡೇ ಮಿಕ್ಕಿದ್ದವು. ಇನ್ನೆರಡು ತಟ್ಟೋಕೆ ಎದ್ದೆ. ‘ಬೇಡ ಬಿಡೇ, ನನಗೆ ಹಸಿವಿಲ್ಲ, ನೀನು ತಿನ್ನು’ ಅಂದಳು.

ನಾನು ಕೈ ಹಿಟ್ಟಲ್ಲಿಟ್ಟುಕೊಂಡು ಹಾಗೇ ನಿಂತೆ. ಚಿಕ್ಕವಳಿದ್ದಾಗ ದಿನಾ ಕೇಳಿದ ಮಾತು ಅದು. ಗಡಿಗೆಯಲ್ಲಿ ಒಬ್ಬರಿಗಾಗೋಷ್ಟು ಮುದ್ದೆ ಇರೋದು, ಅಕ್ಕ ‘ನನಗೆ ಹಸಿವಿಲ್ಲ’ ಅನ್ನೋಳು, ನಾನು ನಂಬಿ ತಿನ್ನೋಳು. ಇದ್ದೂ ಇಲ್ಲ ಅನ್ನೋ ಆ ಸುಳ್ಳನ್ನ ತಿಂದೇ ನಾನು ದೊಡ್ಡವಳಾದದ್ದು. ಓದಿ, ಕೆಲಸಕ್ಕೆ ಸೇರಿ, ಆ ಸುಳ್ಳಿಗೇ ಒಂದು ನಂಬರ್ ಕೊಟ್ಟು, ಐವತ್ತೆರಡು ಸಲ ಹೇಳಿದರೆ ಬಾಗಿಲು ಹಾಕಿ ಅಂತ ಬರೆದೆ. ಅಕ್ಕನ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ‘ಹುಚ್ಚಿ, ರೊಟ್ಟಿ ಆರುತ್ತೆ’ ಅಂದಳು.

ಆಫ್ರೀನ್ ಅಂಗಡಿಗೆ ಹಸಿರು ಬಂತು. ತೊಂಬತ್ತು ದಿನದ ಪರೀಕ್ಷೆಯೂ ಮುಗಿದು ಹನ್ನೊಂದನೇ ಸೂತ್ರವನ್ನ ತೆಗೆದರು. ತಿಪ್ಪೇಸ್ವಾಮಿ ಸಾರ್ ತಾವೇ ಫೋನ್ ಮಾಡಿ ಹೇಳಿದರು. ಅಷ್ಟರಲ್ಲಿ ಅಕ್ಕನ ಮಳಿಗೆಗೆ ಝಿಪ್ಪು ಮಾರೋ ಹೊಸಬನೊಬ್ಬ ಬಂದಿದ್ದ. ಐವತ್ತು ದಿನ ಆದ ಮೇಲೆ ಅವನು ಹೋದ. ಅವನ ಹಿಂದೆ ಬಂದವನೂ ಹೋದ.

ಕಾರಣ ನನಗೆ ಗೊತ್ತಾದದ್ದು ಮೊನ್ನೆ, ನಮ್ಮ ಚಿಕ್ಕಮ್ಮನ ಮಗಳ ಮದುವೆಗೆ ಅಕ್ಕನಿಗೊಂದು ಸೀರೆ ತಂದಾಗ. ಅದೂ ಈರುಳ್ಳಿ ಬಣ್ಣದ್ದೇ. ಬ್ಲೌಸ್ ಪೀಸಿಗೆ ಗುಂಡಿ ಓಣಿಗೆ ಹೋದೆ. ಆಫ್ರೀನ್ ಕಪಾಟೆಲ್ಲ ಹುಡುಕಿದಳು. ಅಕ್ಕನ ಆ ತಾನು ಎಂದೋ ಮುಗಿದಿತ್ತು. ಅಕ್ಕನ ಹಳೇ ಜಾಗದಲ್ಲಿ ಯಾವಳೋ ಹೊಸ ಹುಡುಗಿ ಬ್ಲೌಸ್ ಪೀಸು ಇಟ್ಟಿದ್ದಳು. ಅವಳ ಬಾಗಿಲಲ್ಲೇ ಈರುಳ್ಳಿ ಬಣ್ಣದ ಬಟ್ಟೆ ನೇತಾಡ್ತಾ ಇತ್ತು. ಆಫ್ರೀನ್ ಅದನ್ನ ನೋಡಿದಳು. ಆಮೇಲೆ ತನ್ನ ಗಲ್ಲಾದ ಮೇಲಿನ ಕಿವಿ ನೋಡಿದಳು.

‘ಐತೆ ಅಕ್ಕಾ’ ಅಂದಳು. ಗುಲಾಬಿ ಬಣ್ಣದ್ದೊಂದು ತುಂಡು ಕತ್ತರಿಸಿ ಟ್ಯೂಬ್‌ಲೈಟ್ ಕೆಳಗೆ ಹಿಡಿದಳು. ‘ಸರಿಯಾಗಿ ಹೊಂದುತ್ತೆ.’

‘ಈಗ ಆ ಸೂತ್ರ ಇಲ್ಲ ಆಫ್ರೀನ್. ತೆಗೆದುಬಿಟ್ವಿ’ ಅಂದೆ.

‘ಗೊತ್ತು ಅಕ್ಕಾ’ ಅಂದಳು. ಮುಖ ಎತ್ತಲಿಲ್ಲ. ‘ಆದ್ರೂ ಇಲ್ಲ ಅನ್ನೋಕೆ ಭಯ ಆಗುತ್ತೆ. ಓಣೀಲಿ ಯಾರೂ ಅನ್ನಲ್ಲ ಈಗ.’

ಅವಳನ್ನ ಬೈಯೋ ಯೋಗ್ಯತೆ ನನಗಿರಲಿಲ್ಲ. ತುಂಡು ಮಡಚಿಸಿಕೊಂಡು ಮನೆಗೆ ಬಂದೆ. ಅಕ್ಕ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸೀರೆ, ಪೀಸು ಎರಡನ್ನೂ ಅವಳ ತೊಡೆ ಮೇಲಿಟ್ಟೆ. ಊರಿನ ಸೀರೆಗಳ ಬಣ್ಣವನ್ನೆಲ್ಲ ಇಪ್ಪತ್ತಾರು ವರ್ಷ ಬೇರೆ ಮಾಡಿದ ಕಣ್ಣು ಅದು. ಅಕ್ಕ ಸೆರಗನ್ನೂ ತುಂಡನ್ನೂ ಜೋಡಿಸಿ ಬೆಳಕಿಗೆ ಹಿಡಿದಳು. ಈರುಳ್ಳಿ ಬಣ್ಣದ ಪಕ್ಕ ಗುಲಾಬಿ ನನ್ನ ಕಣ್ಣಿಗೇ ಎದ್ದು ಕಂಡಿತು.

‘ಎಲ್ಲಿ ತಗೊಂಡೆ? ಆಫ್ರೀನ್ ಹತ್ರಾನಾ?’

‘ಹೂಂ.’

ಅಕ್ಕ ಎರಡನ್ನೂ ಜೊತೆಗಿಟ್ಟು ಮಡಚಿದಳು, ಮೇಲೆ ಕೈಯಾಡಿಸಿದಳು.

‘ಸರಿಯಾಗೈತೆ ಕಣೇ’ ಅಂದಳು. ‘ಹುಡುಗಿ ಕಲಿತವ್ಳೆ.’